ಪಿಂಚಣಿ ಕಡಲು ದಾಟುತ್ತದೆ, ಆಸ್ಪತ್ರೆಯ ಕಾರ್ಡು ದಾಟುವುದಿಲ್ಲ

“ಅಪ್ಪನನ್ನು ಇಲ್ಲಿಗೇ ಕರೆದುಕೊಂಡು ಬಂದುಬಿಡಮ್ಮಾ. ಇಲ್ಲಿ ಆಸ್ಪತ್ರೆಯೆಲ್ಲ ಪುಕ್ಕಟೆ.”

ಕೆನಡಾದಲ್ಲಿರುವ ಮಗಳು ಫೋನಿನಲ್ಲಿ ಹೀಗೆಂದಾಗ ನಮ್ಮ ಮನೆಯವರಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ವಯಸ್ಸು ಐವತ್ನಾಲ್ಕು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಕೈಗೆ ಸಹಿ ಹಾಕುವುದೇ ಕಷ್ಟವಾಗಿತ್ತು. ಮಗಳ ಮಾತು ಕೇಳಿ ನಾನು ಅಂದು ರಾತ್ರಿ ನೆಮ್ಮದಿಯಾಗಿ ಮಲಗಿದೆ. ಆ ಮಾತು ಅವಳ ಮಟ್ಟಿಗೆ ನಿಜ, ನಮ್ಮ ಮಟ್ಟಿಗೆ ಸುಳ್ಳು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅಲ್ಲಿನ ಆಸ್ಪತ್ರೆ ಅಲ್ಲಿ ಕಾಯಂ ಆಗಿ ನೆಲೆಸಿದವರಿಗೆ ಪುಕ್ಕಟೆ. ನೋಡಲು ಬಂದ ಅಪ್ಪ ಅಮ್ಮನಿಗಲ್ಲ.

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲೇ ಐದಾರು ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಅವಧಿಗೆ ಮುನ್ನ ಕಾಯಿಲೆಯಿಂದ ಕೆಲಸ ಬಿಟ್ಟವರು ನನ್ನ ಬಳಿ ಬಂದು ಕೇಳುವ ಪ್ರಶ್ನೆ ಒಂದೇ: “ಕಾಯಿಲೆಯ ಮೇಲೆ ನಿವೃತ್ತಿ ಕೊಟ್ಟಿದ್ದಾರಲ್ಲ, ಆ ಆದೇಶ ತೋರಿಸಿದರೆ ಅಲ್ಲೇನಾದರೂ ಸೌಲಭ್ಯ ಸಿಗುತ್ತದೆಯೇ?” ಸಿಗುವುದಿಲ್ಲ. ನಿಮಗೆ ಎಷ್ಟು ಕಾಯಿಲೆಯಿದೆ, ಎಷ್ಟು ವರ್ಷ ಸೇವೆಯಾಗಿದೆ ಎಂಬುದನ್ನು ಅಲ್ಲಿನ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವ ವೀಸಾದಲ್ಲಿ, ಎಷ್ಟು ಕಾಲ, ಯಾವ ಹೆಸರಿನಲ್ಲಿ ವಾಸ ಎಂದಷ್ಟೇ ಕೇಳುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹೆಜ್ಜೆಗಳನ್ನು ಇಡಿ.

ಹೆಜ್ಜೆ 1: ರಾಜೀನಾಮೆ ಬರೆಯಬೇಡಿ

ಇನ್ನೂ ಕೆಲಸದಲ್ಲಿರುವವರಿಗೆ ಈ ಮಾತು. ಕಾಯಿಲೆ ಬಿದ್ದವರಿಗೆ ಸಹೋದ್ಯೋಗಿಗಳು ಮೊದಲು ಕೊಡುವ ಸಲಹೆ “ಸ್ವಯಂ ನಿವೃತ್ತಿ ತೆಗೆದುಕೊಂಡುಬಿಡಿ” ಎಂದು. ಇನ್ನೂ ಕೆಟ್ಟ ಸಲಹೆ “ರಾಜೀನಾಮೆ ಕೊಟ್ಟುಬಿಡಿ” ಎಂದು. ಸರ್ಕಾರಿ ನೌಕರರು ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೇ ಲೆಕ್ಕಕ್ಕಿಲ್ಲದೆ ಪಿಂಚಣಿ ಹೋಗುತ್ತದೆ. ಕಾಯಿಲೆಯಿಂದ ಕೆಲಸ ಮಾಡಲಾರದವರಿಗೆಂದೇ ಬೇರೆ ದಾರಿಯಿದೆ. ಕಚೇರಿಯವರ ಬಾಯಲ್ಲಿ ಅದು ‘ಇನ್‌ವ್ಯಾಲಿಡ್ ಪೆನ್ಷನ್’. ಮೆಡಿಕಲ್ ಬೋರ್ಡ್ ಮುಂದೆ ಹಾಜರಾಗಿ, ಸೇವೆಗೆ ಶಾಶ್ವತವಾಗಿ ಅಸಮರ್ಥ ಎಂಬ ಪ್ರಮಾಣಪತ್ರ ಪಡೆದ ಮೇಲೆ ಅದು ಮಂಜೂರಾಗುತ್ತದೆ. ಕೇಂದ್ರ ಸರ್ಕಾರದಲ್ಲಿ ಇದಕ್ಕಿದ್ದ 10 ವರ್ಷ ಸೇವೆಯ ಷರತ್ತು 2019ರಲ್ಲಿ ಸಡಿಲವಾಯಿತು.

ಅದಕ್ಕೂ ಮೊದಲು ಒಂದು ಕಾನೂನನ್ನು ತಿಳಿದಿರಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಕೆಳದರ್ಜೆಗೆ ಇಳಿಸುವಂತಿಲ್ಲ. ಇದ್ದ ಹುದ್ದೆ ಆಗದಿದ್ದರೆ ಅದೇ ವೇತನದ ಬೇರೆ ಹುದ್ದೆಗೆ ಬದಲಿಸಬೇಕು, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ನಿವೃತ್ತಿ ನಿಮ್ಮ ಆಯ್ಕೆಯಾಗಬೇಕೇ ಹೊರತು ಗುಮಾಸ್ತರ ಅವಸರವಾಗಬಾರದು. ನಮ್ಮ ಮನೆಯವರು ನಿವೃತ್ತಿಯನ್ನೇ ಆರಿಸಿಕೊಂಡರು. ಆದರೆ ಈ ಕಲಂ ಇದೆಯೆಂದು ಗೊತ್ತಾದದ್ದು ಆದೇಶ ಕೈಗೆ ಬಂದ ಮೇಲೆ.

ಕಾರ್ಖಾನೆ, ಖಾಸಗಿ ಕಂಪನಿಯವರ ಕಥೆ ಬೇರೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಸೇವೆಯಲ್ಲಿರುವಾಗ ಶಾಶ್ವತವಾಗಿ ಪೂರ್ತಿ ಅಸಮರ್ಥರಾದವರಿಗೆ 10 ವರ್ಷ ತುಂಬದಿದ್ದರೂ ಪಿಂಚಣಿಯುಂಟು. ಒಂದು ತಿಂಗಳ ಚಂದಾ ಸಂದಿದ್ದರೂ ಸಾಕು. ಭವಿಷ್ಯ ನಿಧಿಯ ಹಣವನ್ನೂ ಈ ಕಾರಣಕ್ಕೆ ಪೂರ್ತಿ ಪಡೆಯಬಹುದು. ಹೆಬ್ಬಾಳ, ಮೇಟಗಳ್ಳಿ, ನಂಜನಗೂಡಿನ ಕಾರ್ಖಾನೆಗಳಲ್ಲಿ ದುಡಿದ ಅನೇಕರು ಹಣವನ್ನಷ್ಟೇ ತೆಗೆದುಕೊಂಡು ಪಿಂಚಣಿಯ ಅರ್ಜಿಯನ್ನೇ ಹಾಕಿರುವುದಿಲ್ಲ.

ಹೆಜ್ಜೆ 2: ಇಲ್ಲಿನ ಕಾರ್ಡುಗಳನ್ನು ಬಿಡಬೇಡಿ, ನಂಬಿ ಕೂರಲೂ ಬೇಡಿ

ಮನೆಯಲ್ಲಿರುವ ಆರೋಗ್ಯದ ಕಾರ್ಡುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ. ಒಂದೊಂದನ್ನೂ ಎತ್ತಿ ಎರಡು ಪ್ರಶ್ನೆ ಕೇಳಿ: ಇದು ಭಾರತದ ಹೊರಗೆ ನಡೆಯುತ್ತದೆಯೇ? ನಾನು ಎರಡು ವರ್ಷ ಇಲ್ಲದಿದ್ದರೆ ಇದು ಉಳಿಯುತ್ತದೆಯೇ? ಮೊದಲ ಪ್ರಶ್ನೆಗೆ ಹೆಚ್ಚಿನವುಗಳ ಉತ್ತರ ‘ಇಲ್ಲ’. ಎರಡನೆಯದಕ್ಕೆ ಉತ್ತರ ಒಂದೊಂದಕ್ಕೆ ಒಂದೊಂದು.

ಕೇಂದ್ರ ಸರ್ಕಾರದ ನಿವೃತ್ತರಿಗೆ ಸಿಜಿಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಯೋಜನೆಯಿದೆ. ಮೈಸೂರಿನಲ್ಲೇ ಅದರ ಕೇಂದ್ರವಿದೆ. ಪಿಂಚಣಿದಾರರು ವರ್ಷ ವರ್ಷ ಚಂದಾ ಕಟ್ಟಬಹುದು ಅಥವಾ 10 ವರ್ಷದ ಚಂದಾವನ್ನು ಒಮ್ಮೆಗೇ ಕಟ್ಟಿ ಆಜೀವ ಕಾರ್ಡು ಪಡೆಯಬಹುದು. ಹೊರದೇಶಕ್ಕೆ ಹೊರಡುವವರಿಗೆ ನನ್ನ ಸಲಹೆ ಆಜೀವ ಕಾರ್ಡು. ನೀವು ಅಲ್ಲಿ ಹಿಮದಲ್ಲಿ ಕೂತಿರುವಾಗ ಇಲ್ಲಿ ನವೀಕರಣ ತಪ್ಪಿ, ತಿರುಗಿ ಬಂದ ವಾರವೇ ಆಸ್ಪತ್ರೆ ಸೇರಬೇಕಾಗಿ ಬಂದರೆ ಒದ್ದಾಟ. ಹೊರಡುವ ಮೊದಲು ವೀಸಾ, ಟಿಕೆಟ್ ತೋರಿಸಿ ಹೆಚ್ಚಿನ ಅವಧಿಯ ಔಷಧಿಗೆ ಅರ್ಜಿ ಕೊಡುವುದನ್ನು ಮರೆಯಬೇಡಿ. ಸಿಜಿಎಚ್‌ಎಸ್ ವ್ಯಾಪ್ತಿಯ ಹೊರಗಿದ್ದು, ಬದಲಿಗೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಪಡೆಯುತ್ತಿರುವವರೂ ಇದ್ದಾರೆ. ಹೊರದೇಶದ ಒಂದು ಸಲದ ವೈದ್ಯರ ಭೇಟಿಗೂ ಅದು ಸಾಲದು.

ಮಾಜಿ ಸೈನಿಕರಿಗೆ ಇಂಥದೇ ಆರೋಗ್ಯ ಯೋಜನೆ ಇಸಿಎಚ್‌ಎಸ್ ಉಂಟು, ಅದೂ ಭಾರತದ ಒಳಗೆ ಮಾತ್ರ. ರಾಜ್ಯ ಸರ್ಕಾರದವರು ನೆನಪಿಡಬೇಕಾದದ್ದು: ಜ್ಯೋತಿ ಸಂಜೀವಿನಿ ಯೋಜನೆ ರೂಪುಗೊಂಡದ್ದು ಸೇವೆಯಲ್ಲಿರುವ ನೌಕರರಿಗಾಗಿ. ಅದನ್ನೇ ನಂಬಿ ಸ್ವಂತ ವಿಮೆ ಮಾಡಿಸದೆ ನಿವೃತ್ತಿಯಾದವರ ಪಾಡು ನೋಡಿದ್ದೇನೆ.

ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದು ತುಂಬ ಜನಕ್ಕೆ ಗೊತ್ತಿಲ್ಲ. ಕನಿಷ್ಠ 5 ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿದ್ದು ವಯೋನಿವೃತ್ತಿ, ಸ್ವಯಂ ನಿವೃತ್ತಿ ಅಥವಾ ಅವಧಿಪೂರ್ವ ನಿವೃತ್ತಿ ಪಡೆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಕೆಲಸದಲ್ಲಿ ಆದ ಅಪಘಾತದಿಂದ ಶಾಶ್ವತವಾಗಿ ಅಸಮರ್ಥರಾದವರಿಗೂ ಇದೇ ದರ, ಅವರ ನಿವೃತ್ತಿ ವಯಸ್ಸಿನ ತನಕ. ಎರಡು ಮಸಾಲೆ ದೋಸೆಯ ದುಡ್ಡು. ಕೆ.ಆರ್.ಎಸ್. ರಸ್ತೆಯ ಇಎಸ್‌ಐ ಆಸ್ಪತ್ರೆಯ ಬಾಗಿಲು ನಿಮಗೆ ತೆರೆದಿರಲು ಇಷ್ಟು ಸಾಕು. ಕೆನಡಾಕ್ಕೆ ಹೋದರೂ ಇದನ್ನು ಕಟ್ಟುತ್ತಿರಿ.

ಇನ್ನು ಖಾಸಗಿ ಆರೋಗ್ಯ ವಿಮೆ. “ಹೇಗೂ ಹೊರದೇಶಕ್ಕೆ ಹೋಗುತ್ತಿದ್ದೇವೆ, ಇಲ್ಲಿನ ಪ್ರೀಮಿಯಂ ಏಕೆ ದಂಡ” ಎಂದು ನಿಲ್ಲಿಸುವವರೇ ಹೆಚ್ಚು. ಇದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಲ್ಲಿ, ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 3 ವರ್ಷ. 5 ವರ್ಷ ಬಿಡದೆ ನಡೆದ ಪಾಲಿಸಿಯ ಕ್ಲೇಮನ್ನು, ವಂಚನೆ ಸಾಬೀತಾಗದ ಹೊರತು, ‘ಕಾಯಿಲೆ ಮುಚ್ಚಿಟ್ಟಿರಿ’ ಎಂದು ತಳ್ಳಿಹಾಕುವಂತಿಲ್ಲ. ಪಾಲಿಸಿ ಕಡಿದುಹೋದರೆ ಈ ಎರಡೂ ಗಡಿಯಾರಗಳು ಮತ್ತೆ ಸೊನ್ನೆಯಿಂದ ಶುರು. ಲಕ್ವ ಹೊಡೆದವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಹೊಸ ಪಾಲಿಸಿ ಸಿಗುವುದೇ ಅನುಮಾನ. ವಾರ್ಷಿಕ ಪಾಲಿಸಿಗೆ ಗಡುವು ಮೀರಿದ ಮೇಲೆ 30 ದಿನದ ರಿಯಾಯಿತಿ ಕಾಲವಿದೆ. ಆದರೂ ಖಾತೆಯಿಂದ ತಾನೇ ಕಡಿತವಾಗುವಂತೆ ಮಾಡಿ ಹೊರಡಿ.

ಹೆಜ್ಜೆ 3: ವೀಸಾದ ಹೆಸರು ಕೇಳಿ, ಆಸ್ಪತ್ರೆಯ ಬಿಲ್ಲು ಗೊತ್ತಾಗುತ್ತದೆ

ಮಕ್ಕಳಿಗೆ ಫೋನು ಮಾಡಿ “ನಮ್ಮನ್ನು ಯಾವ ವೀಸಾದಲ್ಲಿ ಕರೆಸಿಕೊಳ್ಳುತ್ತೀರಿ?” ಎಂದು ನೇರವಾಗಿ ಕೇಳಿ. “ಅದೆಲ್ಲ ನಾನು ನೋಡಿಕೊಳ್ಳುತ್ತೇನೆ” ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಮೂವತ್ತು ವರ್ಷದ ಆರೋಗ್ಯವಂತ ಮಕ್ಕಳಿಗೆ ಆಸ್ಪತ್ರೆಯ ವಿಚಾರ ಅಷ್ಟಾಗಿ ಗೊತ್ತಿರುವುದಿಲ್ಲ.

ನಮಗೆ ಚೆನ್ನಾಗಿ ಗೊತ್ತಿರುವುದು ಕೆನಡಾ. ಅಲ್ಲಿ ತಂದೆ ತಾಯಿ, ಅಜ್ಜ ಅಜ್ಜಿಯರಿಗೆಂದೇ ಸೂಪರ್ ವೀಸಾ ಇದೆ. 10 ವರ್ಷದವರೆಗೆ ಊರ್ಜಿತ. 2022ರ ಜುಲೈನಿಂದ ಒಂದು ಸಲ ಹೋದರೆ 5 ವರ್ಷದವರೆಗೂ ಇರಬಹುದು. ಇಷ್ಟು ಕಾಲ ಇದ್ದರೂ ನೀವು ಸಂದರ್ಶಕರೇ. ಪುಕ್ಕಟೆ ಚಿಕಿತ್ಸೆ ಕೊಡಿಸುವ ಪ್ರಾಂತ್ಯದ ಆರೋಗ್ಯ ಕಾರ್ಡು ನಿಮಗಿಲ್ಲ. ಅದಕ್ಕೇ ವೀಸಾ ಅರ್ಜಿಯ ಜೊತೆಗೇ ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ, ಕನಿಷ್ಠ ಒಂದು ವರ್ಷದ ವೈದ್ಯಕೀಯ ವಿಮೆಯ ದಾಖಲೆ ಕೊಡಬೇಕು. ಬರೀ ದರಪಟ್ಟಿ ಸಾಲದು. ಪೂರ್ತಿಯೋ ಕಂತಿನಲ್ಲೋ ಹಣ ಕಟ್ಟಿರಬೇಕು. ಮೊದಲು ಕೆನಡಾದ ಕಂಪನಿಯ ವಿಮೆಯನ್ನಷ್ಟೇ ಒಪ್ಪುತ್ತಿದ್ದರು. 2025ರ ಜನವರಿಯಿಂದ ಅಲ್ಲಿನ ಸರ್ಕಾರದ ಮಾನ್ಯತೆ ಪಡೆದ ಹೊರಗಿನ ಕಂಪನಿಗಳದೂ ನಡೆಯುತ್ತದೆ.

ಕಾಯಂ ವಾಸ ಸಿಕ್ಕರೆ ಚಿತ್ರವೇ ಬದಲಾಗುತ್ತದೆ, ಪ್ರಾಂತ್ಯದ ಕಾರ್ಡು ಬರುತ್ತದೆ. ಆದರೆ ಕಾಯಿಲೆಯವರಿಗೆ ಅಲ್ಲೊಂದು ತಡೆಗೋಡೆಯಿದೆ. ಅರ್ಜಿದಾರರ ಚಿಕಿತ್ಸೆ ಅಲ್ಲಿನ ಬೊಕ್ಕಸಕ್ಕೆ ಅತಿಯಾದ ಹೊರೆಯಾಗುತ್ತದೆ ಎಂದು ಕಂಡರೆ ಅರ್ಜಿ ತಿರಸ್ಕರಿಸಬಹುದು. 2025ರಲ್ಲಿ ಆ ಮಿತಿ ವರ್ಷಕ್ಕೆ ಸುಮಾರು 27 ಸಾವಿರ ಡಾಲರ್. ಗಂಡ, ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವಾಗ ಈ ನಿಯಮಕ್ಕೆ ವಿನಾಯಿತಿಯಿದೆ, ತಂದೆ ತಾಯಿಗೆ ಇಲ್ಲ. ಡಯಾಲಿಸಿಸ್ ಮೇಲಿರುವವರು ಇದನ್ನು ಮೊದಲು ಲೆಕ್ಕ ಹಾಕಬೇಕು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಗ್ಗೆ ನಮ್ಮವರಲ್ಲಿ ದೊಡ್ಡ ಭ್ರಮೆಯಿದೆ. ಸಂದರ್ಶಕ ವೀಸಾದಲ್ಲಿ ಆರು ತಿಂಗಳು ಹೋದವರು ಬೀದಿಯ ಕುಟುಂಬ ವೈದ್ಯರನ್ನು ನೋಡುವುದು ಉಚಿತ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೊಡುವ ಆರೈಕೆಯೂ ಉಚಿತ. ವಾರ್ಡಿಗೆ ದಾಖಲಾದ ಗಳಿಗೆಯಿಂದ ಮೀಟರು ಓಡತೊಡಗುತ್ತದೆ, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ಬಾಕಿ 500 ಪೌಂಡಿಗೆ ಮುಟ್ಟಿ ಎರಡು ತಿಂಗಳು ತೀರದಿದ್ದರೆ ವಿಷಯ ವಲಸೆ ಇಲಾಖೆಗೆ ಹೋಗಿ ಮುಂದಿನ ವೀಸಾಕ್ಕೆ ಕುತ್ತು. ಉಚಿತ ಚಿಕಿತ್ಸೆಯ ವಿನಿಮಯ ಒಪ್ಪಂದ ಬ್ರಿಟನ್ನಿಗೆ ಹಲವು ದೇಶಗಳೊಂದಿಗಿದೆ, ಭಾರತದೊಂದಿಗಿಲ್ಲ.

ಅಲ್ಲಿ ಕಾಯಂ ನೆಲೆಸಲು ವಯಸ್ಕ ಅವಲಂಬಿತ ಬಂಧು ಎಂಬ ವೀಸಾ ಉಂಟು. ವಿಚಿತ್ರವೆಂದರೆ ಇಲ್ಲಿ ಕಾಯಿಲೆಯೇ ಅರ್ಹತೆ. ದಿನನಿತ್ಯದ ಆರೈಕೆಗೆ ಇನ್ನೊಬ್ಬರು ಬೇಕು, ಆ ಆರೈಕೆ ಹಣ ಕೊಟ್ಟರೂ ನಮ್ಮೂರಿನಲ್ಲಿ ಸಿಗುವುದಿಲ್ಲ ಅಥವಾ ನಮಗೆ ನಿಲುಕುವುದಿಲ್ಲ ಎಂದು ಸಾಬೀತುಪಡಿಸಬೇಕು. ಮೈಸೂರಿನಂಥ ಊರಿನಲ್ಲಿ, ಮಗ ಪೌಂಡುಗಳಲ್ಲಿ ಸಂಬಳ ಎಣಿಸುವಾಗ, ಮನೆಗೆ ಬರುವ ದಾದಿ ಸಿಗುವುದಿಲ್ಲವೆಂದು ಯಾರನ್ನು ನಂಬಿಸುತ್ತೀರಿ? ತಿರಸ್ಕೃತವಾಗುವ ಅರ್ಜಿಗಳೇ ಹೆಚ್ಚು. ಅರ್ಜಿ ಶುಲ್ಕ 3 ಸಾವಿರ ಪೌಂಡಿಗೂ ಹೆಚ್ಚು, ವೀಸಾ ಸಿಗದಿದ್ದರೂ ಅದು ತಿರುಗಿ ಬರುವುದಿಲ್ಲ. ಅಲ್ಲಿ ನೆಲೆಸಿರುವ ಮಕ್ಕಳ ಬಳಿಗೆ ಈ ವೀಸಾದಲ್ಲಿ ಹೋಗಲು ಸಾಧ್ಯವಾದರೆ ಮಾತ್ರ, ಎನ್‌ಎಚ್‌ಎಸ್ ಬಾಗಿಲು ಮೊದಲ ದಿನದಿಂದಲೇ ತೆರೆಯುತ್ತದೆ.

ಅಮೆರಿಕದಲ್ಲಿ ಪೌರತ್ವ ಪಡೆದ, 21 ತುಂಬಿದ ಮಗ ಅಥವಾ ಮಗಳು ತಂದೆ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಬಹುದು. ಬಂದ ಕೂಡಲೇ ಮೆಡಿಕೇರ್, ಅಂದರೆ ಹಿರಿಯರಿಗಿರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಸಿಗುವುದಿಲ್ಲ. 65 ತುಂಬಿರಬೇಕು, ಗ್ರೀನ್ ಕಾರ್ಡಿನ ಮೇಲೆ 5 ವರ್ಷ ಸತತವಾಗಿ ಅಲ್ಲಿ ವಾಸವಿರಬೇಕು. ಅಲ್ಲಿ 10 ವರ್ಷ ದುಡಿದು ತೆರಿಗೆ ಕಟ್ಟದವರು ಆಸ್ಪತ್ರೆ ಭಾಗಕ್ಕೆ ತಿಂಗಳು ತಿಂಗಳು ಹಣ ತೆರಬೇಕು. 2025ರಲ್ಲಿ ಅದು 518 ಡಾಲರ್, ವೈದ್ಯರ ಭಾಗಕ್ಕೆ ಇನ್ನೂ 185. ಗಂಡ ದುಡಿದದ್ದು ಹೆಂಡತಿಗೆ, ಹೆಂಡತಿ ದುಡಿದದ್ದು ಗಂಡನಿಗೆ ಲೆಕ್ಕವಾಗುತ್ತದೆ, ಮಕ್ಕಳ ದುಡಿಮೆ ಅಪ್ಪ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. ಐವತ್ತೈದಕ್ಕೇ ಕಾಯಿಲೆಯಿಂದ ನಿವೃತ್ತರಾದವರಿಗೆ ಇದು ಹತ್ತು ವರ್ಷದ ಖಾಲಿ ಜಾಗ. ಅದನ್ನು ತುಂಬುವುದು ಅಲ್ಲಿನ ವಿಮಾ ಮಾರುಕಟ್ಟೆ. ಗ್ರೀನ್ ಕಾರ್ಡಿನವರು ಬಂದ 60 ದಿನದೊಳಗೆ ಅದರಲ್ಲಿ ಪಾಲಿಸಿ ಕೊಳ್ಳಬಹುದು. 2014ರಿಂದ, ಹಳೆಯ ಕಾಯಿಲೆಯಿದೆಯೆಂದು ಈ ಪಾಲಿಸಿಗಳನ್ನು ನಿರಾಕರಿಸುವಂತಿಲ್ಲ. ಆ 60 ದಿನ ಕಳೆದರೆ ವರ್ಷಾಂತ್ಯದ ನೋಂದಣಿ ಕಾಲಕ್ಕೆ ಕಾಯಬೇಕು. ವಿಮಾನ ಇಳಿದ ಮೇಲೆ ಮೊದಲ ಕೆಲಸ ಇದಾಗಲಿ, ಡಿಸ್ನಿಲ್ಯಾಂಡ್ ಆಮೇಲೆ. ಸಂದರ್ಶಕ ವೀಸಾದವರಿಗೆ ಈ ಸೌಕರ್ಯವಿಲ್ಲ.

ಆಸ್ಟ್ರೇಲಿಯಾದಲ್ಲಿ ದುಡ್ಡು ಕಟ್ಟಿ ಪಡೆಯುವ ಪೋಷಕರ ಕಾಯಂ ವೀಸಾ ಒಬ್ಬರಿಗೆ 48 ಸಾವಿರ ಅಲ್ಲಿನ ಡಾಲರ್ ದಾಟುತ್ತದೆ, ಸರದಿ ಹತ್ತು ವರ್ಷಕ್ಕೂ ಹೆಚ್ಚು. ಆರೋಗ್ಯ ಪರೀಕ್ಷೆಯಲ್ಲಿ ಗಂಡ ಹೆಂಡಿರಲ್ಲಿ ಒಬ್ಬರು ಸೋತರೆ ಇಬ್ಬರಿಗೂ ಇಲ್ಲ. 3 ಅಥವಾ 5 ವರ್ಷದ ತಾತ್ಕಾಲಿಕ ಪೋಷಕ ವೀಸಾ ಸುಲಭ, ಆದರೆ ವಿಮೆ ನಿಮ್ಮದೇ. ದುಬೈ ಕಡೆ ಮಕ್ಕಳ ಪ್ರಾಯೋಜಕತ್ವದ ವಾಸವನ್ನು ವರ್ಷ ವರ್ಷ ನವೀಕರಿಸಬೇಕು, ವಿಮೆ ಕಡ್ಡಾಯ.

ಹೆಜ್ಜೆ 4: ವಿಮೆಯ ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ

ನಮಗೆ ವಿಮೆ ಮಾಡಿಸಲು ಬಂದ ಏಜೆಂಟನೊಬ್ಬ “ಲಕ್ವದ ವಿಷಯ ಬರೆಯಬೇಡಿ ಮೇಡಂ, ಪ್ರೀಮಿಯಂ ಅರ್ಧಕ್ಕರ್ಧ ಇಳಿಯುತ್ತದೆ” ಎಂದ. ಕೈ ಎತ್ತಲಾಗದ ಮನುಷ್ಯ ಎದುರಿಗೇ ಕುಳಿತು ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದರು! ಕ್ಲೇಮು ಬಂದ ದಿನ ಕಂಪನಿ ಮೊದಲು ತರಿಸಿಕೊಳ್ಳುವುದೇ ಹಳೆಯ ವೈದ್ಯಕೀಯ ಕಡತ. ಒಂದು ಸುಳ್ಳಿಗೆ ಪಾಲಿಸಿಯೇ ರದ್ದಾಗಬಹುದು.

ಪಾಲಿಸಿಯಲ್ಲಿ ಹುಡುಕಬೇಕಾದ ಪದ ‘ಸ್ಥಿರ’. ಹಳೆಯ ಕಾಯಿಲೆಯನ್ನು ಒಳಗೊಳ್ಳುವ ಕೆನಡಾದ ಪಾಲಿಸಿಗಳು ಸಾಮಾನ್ಯವಾಗಿ ಆ ಕಾಯಿಲೆ ಹಿಂದಿನ 90 ಅಥವಾ 180 ದಿನ ಸ್ಥಿರವಾಗಿರಬೇಕು ಎನ್ನುತ್ತವೆ. ನಮ್ಮ ಮಾತಿನಲ್ಲಿ ಸ್ಥಿರವೆಂದರೆ ‘ಆರಾಮಾಗಿದ್ದಾರೆ’. ಅವರ ಮಾತಿನಲ್ಲಿ ಹೊಸ ಮಾತ್ರೆ ಸೇರಿರಬಾರದು, ಇದ್ದ ಮಾತ್ರೆಯ ಪ್ರಮಾಣ ಏರಿಳಿದಿರಬಾರದು, ಹೊಸ ಪರೀಕ್ಷೆ ಬರೆದುಕೊಟ್ಟಿರಬಾರದು. ಬಿ.ಪಿ. ಮಾತ್ರೆಯನ್ನು 40ರಿಂದ 20ಕ್ಕೆ ಇಳಿಸಿದರೂ ಬದಲಾವಣೆಯೇ. ಆದ್ದರಿಂದ ಹೊರಡುವ ಆರು ತಿಂಗಳ ಮೊದಲೇ ವೈದ್ಯರ ಬಳಿ ಹೋಗಿ, ಆಗಬೇಕಾದ ಬದಲಾವಣೆಯನ್ನೆಲ್ಲ ಆಗಲೇ ಮಾಡಿಸಿಕೊಳ್ಳಿ. ಆಮೇಲೂ ಬದಲಾಯಿಸಲೇಬೇಕಾಗಿ ಬಂದರೆ ಬದಲಾಯಿಸಿ, ಕಂಪನಿಗೆ ತಿಳಿಸಿ, ಪ್ರಯಾಣ ಮುಂದಕ್ಕೆ ಹಾಕಿ. ವಿಮೆಗಾಗಿ ಮಾತ್ರೆ ತಪ್ಪಿಸಬೇಡಿ.

ಭಾರತದಲ್ಲಿ ಮಾರುವ ಪ್ರವಾಸ ವಿಮೆಗಳಲ್ಲಿ ಹಳೆಯ ಕಾಯಿಲೆ ಸಾಮಾನ್ಯವಾಗಿ ಹೊರಗೆ, ಪ್ರಾಣಾಪಾಯದ ತುರ್ತಿಗಷ್ಟೇ ಒಂದಿಷ್ಟು ಕೊಡುತ್ತಾರೆ. ಯಾವ ದೇಶದ್ದಾದರೂ ಇಂಥ ವಿಮೆ ತುರ್ತು ಪರಿಸ್ಥಿತಿಗೆ. ತಿಂಗಳ ತಪಾಸಣೆ, ಫಿಸಿಯೋಥೆರಪಿ, ರಕ್ತಪರೀಕ್ಷೆ, ಮಾತ್ರೆ ಇವಕ್ಕೆಲ್ಲ ಕೈಯಿಂದಲೇ ಹಣ. ನಮ್ಮ ಮನೆಯಲ್ಲಿ ಲೆಕ್ಕ ತಪ್ಪಿದ್ದು ಇಲ್ಲೇ. ಮೈಸೂರಿನಲ್ಲಿ ಮನೆಗೇ ಬಂದು ವ್ಯಾಯಾಮ ಮಾಡಿಸಿ ಹೋಗುತ್ತಿದ್ದ ಹುಡುಗನಿಗೆ ಒಂದು ತಿಂಗಳಿಗೆ ಕೊಡುತ್ತಿದ್ದ ಹಣ ಅಲ್ಲಿ ಮೂರು ದಿನಕ್ಕೂ ಬರಲಿಲ್ಲ. ಕೊನೆಗೆ ವಿಡಿಯೋ ಕರೆಯಲ್ಲಿ ಆ ಹುಡುಗನೇ ಹೇಳಿಕೊಟ್ಟ, ನಾನು ಮಾಡಿಸಿದೆ.

ಬೇಗ ತಿರುಗಿ ಬಂದರೆ, ಕ್ಲೇಮು ಮಾಡಿರದಿದ್ದರೆ ಉಳಿದ ತಿಂಗಳ ಹಣ ವಾಪಸು ಕೊಡುವ ಪಾಲಿಸಿಗಳಿವೆ. ಕೊಳ್ಳುವಾಗಲೇ ಕೇಳಿ.

ಹೆಜ್ಜೆ 5: ವೀಸಾದ ವೈದ್ಯಕೀಯ ತಪಾಸಣೆಗೆ ಮುನ್ನ ಟಿಕೆಟ್ ಬೇಡ

ಆಯಾ ದೇಶ ಗೊತ್ತುಪಡಿಸಿದ ವೈದ್ಯರಲ್ಲೇ ತಪಾಸಣೆಯಾಗಬೇಕು, ನಿಮ್ಮ ಕುಟುಂಬ ವೈದ್ಯರ ಚೀಟಿ ನಡೆಯುವುದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೆ ಕಫ ತೆಗೆದು ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ, ಫಲಿತಾಂಶ ಬರಲು ಆರರಿಂದ ಎಂಟು ವಾರ. ಚಿಕ್ಕಂದಿನಲ್ಲಿ ಕ್ಷಯವಾಗಿ ವಾಸಿಯಾದವರು ಹಳೆಯ ಚಿಕಿತ್ಸೆಯ ಚೀಟಿ ಇದ್ದರೆ ಒಯ್ಯಿರಿ. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಕೇಳುವ ನಮ್ಮವರಿಗೆ ಕ್ಷಯ ಪರೀಕ್ಷೆ ಕಡ್ಡಾಯ.

ಹೆಜ್ಜೆ 6: ಕಡತ ಮತ್ತು ಮಾತ್ರೆ ಡಬ್ಬಿ

ಹೊರದೇಶದ ವೈದ್ಯರು ನಿಮ್ಮ ಬಗ್ಗೆ ತಿಳಿಯುವುದು ನೀವು ಕೊಂಡೊಯ್ದ ಕಾಗದದಿಂದ ಮಾತ್ರ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಬಿಡುಗಡೆ ಸಾರಾಂಶ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಸ್ಕ್ಯಾನಿನ ಸಿ.ಡಿ. ಎಲ್ಲವನ್ನೂ ಪಡೆಯಿರಿ. ವೈದ್ಯರ ವೃತ್ತಿ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಅದೇ ನಿಯಮಾವಳಿಯಲ್ಲಿ ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ 3 ವರ್ಷ ಮಾತ್ರ. ಕೆ.ಆರ್. ಆಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಗಲಿ, ಖಾಸಗಿಯಾಗಲಿ, ಹಳೆಯದಾದಷ್ಟೂ ಸಿಗುವುದು ಕಷ್ಟ. ಮೆಡಿಕಲ್ ಬೋರ್ಡಿನ ವರದಿಯ ನಕಲು ಕೂಡ ಇರಲಿ. ಅಲ್ಲಿ ಸೌಲಭ್ಯ ಕೊಡಿಸದಿದ್ದರೂ ನಿಮ್ಮ ಸ್ಥಿತಿಯನ್ನು ಅಷ್ಟು ಚೊಕ್ಕವಾಗಿ ಹೇಳುವ ಕಾಗದ ಬೇರೆ ಇರುವುದಿಲ್ಲ.

ಮಾತ್ರೆಯ ಪಟ್ಟಿಯಲ್ಲಿ ಕಂಪನಿಯ ಹೆಸರು ಬೇಡ, ಔಷಧಿಯ ಮೂಲ ಹೆಸರು ಬರೆಸಿ. ‘ಡೋಲೋ’ ಎಂದರೆ ಅಲ್ಲಿ ಯಾರಿಗೂ ತಿಳಿಯದು. ‘ಪ್ಯಾರಾಸಿಟಮಾಲ್’ ಎಂದರೆ ಬ್ರಿಟನ್ನಿನವರಿಗೆ ತಿಳಿಯುತ್ತದೆ, ಅಮೆರಿಕ, ಕೆನಡಾದವರಿಗೆ ಅದು ‘ಅಸಿಟಮಿನೊಫೆನ್’. ನಾವು ನೋವಿಗೆ ನುಂಗುವ ನಿಮೆಸುಲೈಡ್ ಆ ಮೂರೂ ದೇಶಗಳಲ್ಲಿ ಮಾರಾಟದಲ್ಲೇ ಇಲ್ಲ. ಎರಡು ಮೂರು ಔಷಧಿ ಸೇರಿಸಿ ಮಾಡಿದ ನಮ್ಮ ಎಷ್ಟೋ ಮಾತ್ರೆಗಳು ಅಲ್ಲಿ ಬಿಡಿಬಿಡಿಯಾಗಿಯೇ ಸಿಗುತ್ತವೆ. ಇಲ್ಲಿನ ವೈದ್ಯರ ಚೀಟಿಗೆ ಅಲ್ಲಿನ ಅಂಗಡಿಯವರು ಔಷಧಿ ಕೊಡುವುದಿಲ್ಲ, ಅಲ್ಲಿನ ವೈದ್ಯರೇ ಬರೆಯಬೇಕು. ಅಮೆರಿಕ, ಕೆನಡಾಗಳಿಗೆ ಸ್ವಂತ ಬಳಕೆಗೆ ಸುಮಾರು 90 ದಿನದ ಔಷಧಿ ಒಯ್ಯಬಹುದು. ನರದ ನೋವಿಗೆ ಕೊಡುವ ಪ್ರಿಗಾಬಲಿನ್, ಗಾಬಾಪೆಂಟಿನ್ ಬ್ರಿಟನ್ನಿನಲ್ಲಿ 2019ರ ಏಪ್ರಿಲ್‌ನಿಂದ ನಿಯಂತ್ರಿತ ಔಷಧಿಗಳು, ವೈದ್ಯರ ಪತ್ರವಿಲ್ಲದೆ ಒಯ್ಯಬೇಡಿ. ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳಿಗೆ ದುಬೈಯಲ್ಲಿ ಮೊದಲೇ ಅನುಮತಿ ಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರು ಈ ಸಾಲನ್ನು ಎರಡು ಸಲ ಓದಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಅಲ್ಲಿನ ಸೀಸೆಯಲ್ಲಿ 100. ಇಲ್ಲಿಂದ ಒಯ್ದ 40ರ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನ್ ಎಳೆದುಕೊಂಡರೆ 20 ಯೂನಿಟ್ ಎಂದುಕೊಂಡದ್ದು 50 ಯೂನಿಟ್ ಆಗುತ್ತದೆ. ಪ್ರಾಣಕ್ಕೇ ಅಪಾಯ. ಸೀಸೆ ಬದಲಾದ ದಿನವೇ ಸಿರಿಂಜು ಬದಲಾಗಬೇಕು.

ಲ್ಯಾಬಿನ ಅಂಕಿಗಳೂ ಗಾಬರಿ ಹುಟ್ಟಿಸುತ್ತವೆ. ಅಮೆರಿಕದಲ್ಲಿ ಸಕ್ಕರೆಯ ಅಳತೆ ನಮ್ಮಂತೆಯೇ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಬೇರೆ. ನಮ್ಮ ಅಂಕಿಯನ್ನು 18ರಿಂದ ಭಾಗಿಸಿ: ನಮ್ಮ 180 ಅಲ್ಲಿನ 10. ಮೂರು ತಿಂಗಳ ಸಕ್ಕರೆಯ ಸರಾಸರಿ ಇಲ್ಲಿ 7 ಇದ್ದರೆ ಬ್ರಿಟನ್ನಿನ ಚೀಟಿಯಲ್ಲಿ 53 ಎಂದಿರುತ್ತದೆ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1 ಇದ್ದದ್ದು 88 ಆಗಿ ಕಂಡಾಗ ನಾನು ಕುರ್ಚಿಯಲ್ಲಿ ಕುಸಿದಿದ್ದೆ.

ಇವೆಲ್ಲ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ ಕನಿಷ್ಠ 48 ಗಂಟೆ ಮೊದಲು ತಿಳಿಸಿ. ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದವರಿಗೆ ವಿಮಾನ ಸಂಸ್ಥೆಯ ನಮೂನೆಯಲ್ಲಿ ವೈದ್ಯರ ಒಪ್ಪಿಗೆ ಬೇಕಾಗುತ್ತದೆ. ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರವಾಗಿ ಫ್ಲೈಬಸ್ ಇದೆಯಾದರೂ, ಮೂತ್ರದ ತೊಂದರೆ ಇರುವವರಿಗೆ ಕಾರೇ ಒಳ್ಳೆಯದು. ಮದ್ದೂರಿನಲ್ಲಿ ನಿಲ್ಲಿಸಿಕೊಂಡು ವಡೆಯನ್ನೂ ತಿನ್ನಬಹುದು.

ಹೆಜ್ಜೆ 7: ಖಾತೆ ಮತ್ತು ನವೆಂಬರ್

ಆರು ತಿಂಗಳು ಮಕ್ಕಳನ್ನು ನೋಡಿ ಬರುವವರು ಬ್ಯಾಂಕಿನಲ್ಲಿ ಏನೂ ಮಾಡಬೇಕಾಗಿಲ್ಲ. ನೆಲೆಸಲೆಂದು ಅಥವಾ ಯಾವಾಗ ತಿರುಗಿ ಬರುವೆವೆಂದು ಗೊತ್ತಿಲ್ಲದೆ ಹೋಗುವವರು ಉಳಿತಾಯ ಖಾತೆಯನ್ನು ಅನಿವಾಸಿಗಳಿಗಿರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಪಿಂಚಣಿ ಅದಕ್ಕೇ ಬೀಳುತ್ತದೆ, ತೆರಿಗೆ ಕಳೆದು ಹೊರಗೆ ಕಳಿಸಿಕೊಳ್ಳಬಹುದು. ಆದರೆ ಬಡ್ಡಿಯ ಮೇಲೆ ಮೂಲದಲ್ಲೇ 30 ಪ್ರತಿಶತ ತೆರಿಗೆ ಕಡಿತ, ತೆರಿಗೆ ಕಡಿತ ಬೇಡವೆಂದು ಹಿರಿಯ ನಾಗರಿಕರು ಕೊಡುವ ಘೋಷಣೆಯ ನಮೂನೆ ಅನಿವಾಸಿಗಳಿಗೆ ಇಲ್ಲ. ಸಹಿ ಮಾಡಲಾಗದವರು ಹೊರಡುವ ಮೊದಲೇ ನಂಬಿಕಸ್ಥರಿಗೆ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ನೋಂದಾಯಿಸಿಕೊಡಿ. ಅಲ್ಲಿಂದ ಮಾಡಿಸಿದರೆ ದೂತಾವಾಸದ ದೃಢೀಕರಣ ಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ. ಹೊರದೇಶದಲ್ಲಿರುವ ಕೇಂದ್ರ ಸರ್ಕಾರದ ಪಿಂಚಣಿದಾರರು ಭಾರತೀಯ ದೂತಾವಾಸದ ಅಧಿಕಾರಿ, ಅಲ್ಲಿನ ನೋಟರಿ, ಮ್ಯಾಜಿಸ್ಟ್ರೇಟ್ ಅಥವಾ ಬ್ಯಾಂಕ್ ಅಧಿಕಾರಿಯ ಸಹಿ ಪಡೆದು ಕಳಿಸಬಹುದು. ನಮ್ಮದು ಒಂದು ವರ್ಷ ಅಂಚೆಯಲ್ಲಿ ತಡವಾಗಿ ಪಿಂಚಣಿ ಎರಡು ತಿಂಗಳು ನಿಂತಿತ್ತು. ನವೆಂಬರಿನಲ್ಲಿ ಅಲ್ಲೇ ಇರುವವರು ಅಕ್ಟೋಬರಿನಲ್ಲೇ ದೂತಾವಾಸದಲ್ಲಿ ದಿನ ಗೊತ್ತುಮಾಡಿಕೊಳ್ಳಿ.

ಬ್ರಿಟನ್ನಿನಲ್ಲಿ ದುಡಿದು ಕಾಯಿಲೆಯಾದವರಿಗೆ

ನನ್ನ ಚಿಕ್ಕಪ್ಪನ ಮಗ ಅಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ಬೆನ್ನುಮೂಳೆಯ ತೊಂದರೆಯಿಂದ ಐವತ್ತೆಂಟಕ್ಕೇ ನಿವೃತ್ತನಾದ. ಸ್ಪೇನಿನಲ್ಲಿ ನೆಲೆಸುವ ಯೋಚನೆ. ಬ್ರಿಟನ್ನಿನಿಂದ ಯುರೋಪಿಗೆ ಹೋಗುವ ನಿವೃತ್ತರಿಗೆ ಎಸ್1 ಎಂಬ ಪತ್ರವಿದೆ. ಅದಿದ್ದರೆ ಅಲ್ಲಿನ ಚಿಕಿತ್ಸೆಯ ಖರ್ಚನ್ನು ಬ್ರಿಟನ್ ಭರಿಸುತ್ತದೆ. ಆದರೆ ಅದು ಬರುವುದು ಸರ್ಕಾರದ ವೃದ್ಧಾಪ್ಯ ಪಿಂಚಣಿಯ ಜೊತೆ, ಅಂದರೆ 66-67ರ ವಯಸ್ಸಿನಲ್ಲಿ, ಅಥವಾ ಹೊರದೇಶಕ್ಕೂ ಸಲ್ಲುವ ಕೆಲವು ಭತ್ಯೆಗಳ ಜೊತೆ. ಕೆಲಸ ಕೊಟ್ಟವರು ಅನಾರೋಗ್ಯಕ್ಕೆಂದು ಕೊಟ್ಟ ಪಿಂಚಣಿಗೆ ಆ ಪತ್ರ ಬರುವುದಿಲ್ಲ. ಅಲ್ಲಿಯವರೆಗೆ ಖಾಸಗಿ ವಿಮೆಯೇ ಗತಿ. ಸ್ಪೇನಿನಲ್ಲಿ ಒಂದು ವರ್ಷ ವಾಸವಾದ ಮೇಲೆ, 65ರೊಳಗಿನವರು ತಿಂಗಳಿಗೆ 60 ಯೂರೊ ಕಟ್ಟಿ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸೇರಬಹುದು, ಔಷಧಿಯ ದುಡ್ಡು ಬೇರೆ.

ಅವನು ಎರಡೂ ಬೇಡವೆಂದು ಮೈಸೂರಿನ ಸರಸ್ವತಿಪುರಂಗೇ ಬಂದ. ಭಾರತಕ್ಕೆ ಎಸ್1 ಇಲ್ಲ. ಬ್ರಿಟನ್ನಿನ ವಾಸ ಮುಗಿದರೆ ಎನ್‌ಎಚ್‌ಎಸ್ ಉಚಿತ ಚಿಕಿತ್ಸೆಯೂ ಮುಗಿದಂತೆ. ಅಲ್ಲಿನ ಸರ್ಕಾರಿ ಪಿಂಚಣಿಗೆ ಅರ್ಹನಾದಾಗ ಅದು ಇಲ್ಲಿಗೆ ಬರುತ್ತದೆ, ಆದರೆ ಭಾರತದಲ್ಲಿರುವವರಿಗೆ ವರ್ಷ ವರ್ಷದ ಏರಿಕೆ ಸಿಗುವುದಿಲ್ಲ. ಮೊದಲ ದಿನ ನಿಗದಿಯಾದ ಮೊತ್ತವೇ ಕೊನೆಯವರೆಗೆ. ಇಲ್ಲಿ ಕೊಂಡ ಹೊಸ ಆರೋಗ್ಯ ವಿಮೆಯಲ್ಲಿ ಬೆನ್ನಿಗೆ ಮೂರು ವರ್ಷ ಕಾಯಬೇಕು. ಹಾಗೆ ಬರುವ ಯೋಚನೆಯಿರುವವರು ಬರುವ ಮೂರು ವರ್ಷ ಮೊದಲೇ ಇಲ್ಲಿನ ಪಾಲಿಸಿ ಕೊಂಡಿಡಬಹುದು, ಅನಿವಾಸಿಗಳಿಗೂ ಕೊಡುವ ಕಂಪನಿಗಳಿವೆ.

ನಮ್ಮ ಮನೆಯವರು ಈಗ ವರ್ಷದಲ್ಲಿ ಐದು ತಿಂಗಳು ಮಗಳ ಬಳಿ, ಏಳು ತಿಂಗಳು ಇಲ್ಲಿ. ಮೇ ತಿಂಗಳಲ್ಲಿ ಹೋಗಿ ಅಕ್ಟೋಬರಿಗೆ ತಿರುಗಿ ಬರುತ್ತೇವೆ. ಹೋಗುವ ಮುನ್ನ ಒಂದು ಸಲ, ಬಂದ ವಾರದಲ್ಲಿ ಇನ್ನೊಂದು ಸಲ ಇಲ್ಲಿನ ವೈದ್ಯರಿಗೆ ತೋರಿಸುತ್ತೇವೆ. ಅಲ್ಲಿದ್ದಾಗ ತುರ್ತಿಗೆ ವಿಮೆ, ಉಳಿದೆಲ್ಲ ಚಿಕಿತ್ಸೆ ಮೈಸೂರಿನಲ್ಲಿ. ಆಜೀವ ಕಾರ್ಡು ಬೀರುವಿನ ಮೇಲಿನ ಅರೆಯಲ್ಲಿದೆ, ಅದರ ನಕಲು ಎದುರು ಮನೆಯವರ ಬಳಿ.